ಗಣಿಯ ಪಕ್ಕದ ಹೊಲ

ಚಾಲೈ ಪೇಟೆಯ ಆಸುಪಾಸಿನಲ್ಲಿ ಹತ್ತು ವರ್ಷ ಸಂಸಾರ ಹೂಡಿದವರಿಗೆ ಮಲಯಾಳ ಭಾಷೆ ಪೂರ್ತಿಯಾಗಿ ಬಾರದೆ ಹೋದರೂ ಚಿನ್ನದ ಭಾಷೆ ಬಂದೇ ಬರುತ್ತದೆ. ನಮ್ಮ ಊರಿನ ಕಡೆ ಗ್ರಾಮಿನ ಲೆಕ್ಕ, ಹಿರಿಯರಾದರೆ ತೊಲದ ಲೆಕ್ಕ. ಇಲ್ಲಿ ಎಲ್ಲವೂ ಪವನಿನ ಲೆಕ್ಕ. ಪವನೆಂದರೆ ಎಂಟು ಗ್ರಾಮು. ಮಗಳ ಮದುವೆ ಎಷ್ಟರಲ್ಲಾಯಿತೆಂಬುದನ್ನೂ, ಮನೆ ಕಟ್ಟಲು ಎಷ್ಟು ಅಡವಿಟ್ಟರೆಂಬುದನ್ನೂ ಇಲ್ಲಿಯವರು ಪವನಿನಲ್ಲೇ ಹೇಳುತ್ತಾರೆ. ದಿವಾನ್ ರಾಜಾ ಕೇಶವದಾಸರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೆಲೆಗೊಳಿಸಿದ ಈ ಪೇಟೆಯಲ್ಲಿ ಅಕ್ಕಿ, ಮೆಣಸು, ಹಿತ್ತಾಳೆ ಪಾತ್ರೆ, ಹೂವು ಎಲ್ಲವೂ ಸಿಗುತ್ತವೆ. ಆದರೆ ಊರಿನಿಂದ ಬಂದ ನೆಂಟರು ನಿಂತು ನೋಡುವುದು ಚಿನ್ನದಂಗಡಿಯ ಗಾಜಿನ ಮುಂದೆಯೇ. ಕೂಗಳತೆಯಲ್ಲಿ ಅನಂತಪದ್ಮನಾಭಸ್ವಾಮಿಯ ದೇವಾಲಯ. 2011ರಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಂತೆ ಅಲ್ಲಿಯ ನೆಲಮಾಳಿಗೆಗಳನ್ನು ತೆರೆದಾಗ ಹೊರಬಿದ್ದ ನಿಧಿಯ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಆಗ ನಮಗೆ ಊರಿನಿಂದ ಬಂದ ಫೋನುಗಳಿಗೆ ಲೆಕ್ಕವಿರಲಿಲ್ಲ. ನಾವೇ ಬಾಗಿಲು ತೆಗೆದು ಎಣಿಸಿ ಬಂದವರಂತೆ ಜನ ನಮ್ಮನ್ನು ವಿಚಾರಿಸಿದರು.

ಇಷ್ಟು ಚಿನ್ನದ ನಡುವೆ ಓಡಾಡಿಕೊಂಡಿದ್ದರೂ ಅದು ಅಂಗಡಿಗೆ ಬರುವ ಮೊದಲು ನೆಲದೊಳಗಿನಿಂದ ಹೇಗೆ ಬರುತ್ತದೆಂದು ನಾವು ಯೋಚಿಸಿದವರಲ್ಲ. ಯೋಚಿಸುವಂತೆ ಮಾಡಿದವರು ನಮ್ಮ ಸೋದರಮಾವ.

ಮಾವನವರದು ಬಂಗಾರಪೇಟೆಯ ಕಡೆಯ ಹಳ್ಳಿ. ಎರಡೆಕರೆ ರಾಗಿ ಹೊಲ, ನಾಲ್ಕು ಹುಣಿಸೆಮರ, ಒಂದು ಹಳೆಯ ಬಾವಿ. ಅವರ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ಹಾಜರಿ ಬರೆಯುವ ಕೆಲಸದಲ್ಲಿದ್ದವರು. 2024ರ ಜೂನ್ ತಿಂಗಳಲ್ಲಿ ಕೆ.ಜಿ.ಎಫ್.ನ ಹಳೆಯ ಮಣ್ಣಿನ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಯೋಜನೆಗೆ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತಷ್ಟೆ. ಆ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಆ ಸೀಮೆಯಲ್ಲಿ ದಲ್ಲಾಳಿಗಳು ಅಣಬೆಗಳಂತೆ ಎದ್ದರಂತೆ. ಅವರಲ್ಲೊಬ್ಬ ಮಾವನವರನ್ನು ಹಿಡಿದ. ಗಣಿಯಿಂದ ಕೆಲವೇ ಮೈಲಿ ದೂರದಲ್ಲಿ ಹನ್ನೆರಡೆಕರೆ ಬರಡು ನೆಲವಿದೆ. ಅದರ ಕೆಳಗೂ ಅದೇ ಚಿನ್ನದ ಪಟ್ಟಿ ಹಾದುಹೋಗಿದೆ. ಹತ್ತು ಜನ ಸೇರಿ ಕೊಂಡರೆ ನಾಳೆ ಕಂಪನಿಯವರು ಬಂದು ಹತ್ತರಷ್ಟು ಕೊಟ್ಟು ತೆಗೆದುಕೊಳ್ಳುತ್ತಾರೆ, ಎಂದು ಅವನ ಮಾತು. ತಲೆಗೆ ಎರಡು ಲಕ್ಷ ರೂಪಾಯಿ.

“ಏನಪ್ಪಾ, ನೀವು ಅಲ್ಲಿ ಗಾಜಿನೊಳಗಿನ ಚಿನ್ನ ನೋಡ್ಕೊಂಡೇ ಇರ್ತೀರೋ? ಇಲ್ಲಿ ನೆಲದೊಳಗೇ ಬಿದ್ದಿದೆ ಕಣಪ್ಪಾ” ಎಂದು ಮಾವ ಫೋನಿನಲ್ಲಿ ಕೇಳಿದರು. ತಮ್ಮ ಎರಡೆಕರೆಯನ್ನು ಅಡವಿಟ್ಟು ತಾವೊಂದು ಪಾಲು ಹಾಕುವುದಾಗಿಯೂ, ನಾವೊಂದು ಪಾಲು ಹಾಕಬೇಕೆಂದೂ, ತಿರುವನಂತಪುರದ ಕನ್ನಡದವರಲ್ಲಿ ಇನ್ನು ನಾಲ್ಕು ಜನರನ್ನು ಒಪ್ಪಿಸಬೇಕೆಂದೂ ಅವರ ಅಪೇಕ್ಷೆ. ನಮ್ಮ ಮನೆಯಲ್ಲಿ ಎರಡು ಲಕ್ಷಕ್ಕೆ ಇದ್ದ ದಾರಿ ಒಂದೇ: ಮನೆಯಾಕೆಯ ಸರ. ಮಗಳ ಓದಿಗೆಂದು ಮುಟ್ಟದೆ ಇಟ್ಟದ್ದು ಅದು. ಸಂಬಳಗಾರರ ಮನೆಯಲ್ಲಿ ಚಿನ್ನವೆಂಬುದು ಒಡವೆಯಲ್ಲ, ಆಪತ್ತಿಗೆ ಕಟ್ಟಿಟ್ಟ ಬುತ್ತಿ. ಮಾವನವರಿಗೆ ಎರಡೆಕರೆ ಎಂತೋ ನಮಗೆ ಆ ಸರ ಅಂತು.

ಹಿರಿಯರ ಮಾತನ್ನು ಒಮ್ಮೆಲೇ ತಳ್ಳಿಹಾಕುವುದು ನಮ್ಮ ಸಂಪ್ರದಾಯವಲ್ಲ. ಒಮ್ಮೆಲೇ ಒಪ್ಪುವುದೂ ಕಚೇರಿಯಲ್ಲಿ ಕಡತ ನೋಡುವವರ ಅಭ್ಯಾಸವಲ್ಲ. ಹದಿನೈದು ದಿನದ ವಾಯಿದೆ ಕೇಳಿಕೊಂಡೆವು. ಸಂಜೆ ಸಂಜೆ ಗ್ರಂಥಾಲಯದಲ್ಲಿ ಕುಳಿತು, ಗಣಿಯ ವಿಷಯ ಬಲ್ಲವರನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಮಾತು ನಮಗೊಬ್ಬರಿಗೇ ಬಂದದ್ದಲ್ಲವೆಂದು ಆಮೇಲೆ ನಮ್ಮ ಸಂಘದ ಸಭೆಯಲ್ಲಿ ಗೊತ್ತಾಯಿತು.

ಮೊದಲು ಕೋಲಾರದ ಕಥೆಯನ್ನೇ ನೋಡೋಣ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಎಲ್ಲೆಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತ 1802ರಲ್ಲಿ ಈ ಕಡೆಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಕೇಳಿದ. ತೋರಿಸಿದವರಿಗೆ ಬಹುಮಾನ ಕೊಡುವೆನೆಂದ. ಹಳ್ಳಿಯವರು ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಅವನು ವರದಿ ಬರೆದ, ವರದಿ ಅಚ್ಚಾಯಿತು, ಎಪ್ಪತ್ತು ವರ್ಷ ಅದರಿಂದ ಹೇಳಿಕೊಳ್ಳುವಂಥದೇನೂ ಆಗಲಿಲ್ಲ. 1871ರಲ್ಲಿ ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರು ದಂಡಿನಲ್ಲಿ ನೆಲಸಿದ್ದ ಐರಿಷ್ ಸಿಪಾಯಿ ಮೈಕೇಲ್ ಲವೆಲ್ ಆ ಹಳೆಯ ವರದಿಯನ್ನು ಓದಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೊರಟ. 1873ರಲ್ಲಿ ಮೈಸೂರು ಸರ್ಕಾರದಿಂದ ಅನುಮತಿ ಪಡೆದ, ಅಗೆದ, ಕೈಯ ಹಣವೆಲ್ಲ ಕರಗಿತು, ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಿನಲ್ಲಿ ಅವನ ಹೆಸರಿನ ರಸ್ತೆಯಿದೆ. ಆದರೆ ಕೋಲಾರದ ಸಿರಿ ಅವನ ಪಾಲಿಗೆ ಬರಲಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕಾಲಿಟ್ಟರು. ಸುತ್ತಮುತ್ತ ಎಷ್ಟೋ ಕಂಪನಿಗಳೂ ಹುಟ್ಟಿದವು. ನಾಲ್ಕೈದು ವರ್ಷದಲ್ಲಿ ಅವುಗಳಲ್ಲಿ ಬಹುಪಾಲು ಕೈಸುಟ್ಟುಕೊಂಡು ಕೆಲಸ ನಿಲ್ಲಿಸಿದವು. ಟೇಲರರ ಮೈಸೂರು ಗಣಿಯಲ್ಲೂ ಬಂಡವಾಳ ತಳ ಮುಟ್ಟಿತ್ತು; ಪಾಲುದಾರರು ಮುಚ್ಚಿಬಿಡೋಣವೆಂದರು. ಉಳಿದ ಹಣದಲ್ಲಿ ಇನ್ನೊಮ್ಮೆ ನೋಡೋಣವೆಂದು ಟೇಲರ್ ಪಟ್ಟು ಹಿಡಿದ. ಕ್ಯಾಪ್ಟನ್ ಪ್ಲಮರ್ ಎಂಬ ಗಣಿಗಾರ ಹಿಂದಿನ ಕಾಲದ ನಮ್ಮವರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಬುಡಕ್ಕೇ ಇಳಿದು ಅಗೆಸಿದ. ಅವರು ನಿಲ್ಲಿಸಿದ ಕಡೆಯಿಂದ ಕೆಳಗೆ ಹೋದಾಗ, 1885ರ ಸುಮಾರಿಗೆ, ಚಾಂಪಿಯನ್ ಪದರ ಸಿಕ್ಕಿತು. ಕೋಲಾರವನ್ನು ಕೋಲಾರವಾಗಿ ಮಾಡಿದ್ದು ಆ ಒಂದು ಪದರ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದದ್ದು, ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯ ಇಳಿದದ್ದು, 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದದ್ದು ಎಲ್ಲ ಆಮೇಲಿನ ಮಾತು.

ಈ ಕಥೆಯಲ್ಲಿ ನಮ್ಮ ಮನಸ್ಸಿಗೆ ನಾಟಿದ ಸಂಗತಿಯೆಂದರೆ ಇದು: ಎಲ್ಲ ಕಂಪನಿಗಳೂ ಒಂದರ ಪಕ್ಕ ಒಂದು ಇದ್ದವೇ. ಎಲ್ಲರ ಕಾಲ ಕೆಳಗೂ ಒಂದೇ ಜಾತಿಯ ಕಪ್ಪು ಕಲ್ಲು ಇತ್ತು. ಆದರೂ ಒಬ್ಬನಿಗೆ ಸಿಕ್ಕಿತು, ಹಲವರಿಗೆ ಸಿಗಲಿಲ್ಲ. ನೆರೆಹೊರೆ ಎಂಬುದು ಹುಡುಕಲು ಕಾರಣವಾದೀತೇ ಹೊರತು, ಸಿಕ್ಕಿತೆಂಬುದಕ್ಕೆ ಸಾಕ್ಷಿಯಾಗದು.

ಭೂಮಿಯ ವಿಷಯ ಬಲ್ಲವರು ಇದಕ್ಕೆ ಕಾರಣ ಹೇಳುತ್ತಾರೆ. ಕೋಲಾರದ ಶಿಲೆಯ ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ ಹರಡಿದೆ; ಅಗಲ ಮಾತ್ರ ಕೆಲವೇ ಕಿಲೋಮೀಟರು. ಅಷ್ಟುದ್ದದ ಪಟ್ಟಿಯಲ್ಲಿ ಹೆಸರುವಾಸಿಯಾದ ಗಣಿಗಳೆಲ್ಲ ನಡುವಿನ ಏಳೆಂಟು ಕಿಲೋಮೀಟರಿನಲ್ಲೇ ಸಾಲುಗಟ್ಟಿದ್ದವು. ದಕ್ಷಿಣಕ್ಕೆ ಆಂಧ್ರದ ಗಡಿ ದಾಟಿದರೆ ಬಿಸನತ್ತಂ, ಚಿಗರಗುಂಟ ಎಂಬ ಕಡೆಗಳಲ್ಲಿ ಅದೇ ಪಟ್ಟಿಯಲ್ಲಿ ಸರ್ಕಾರಿ ಕಂಪನಿಯೇ ಗಣಿ ನಡೆಸಿತು, ಚಿನ್ನವೂ ಇತ್ತು, ಆದರೆ ಇನ್ನೊಂದು ಚಾಂಪಿಯನ್ ಪದರ ಅಲ್ಲಿ ಕಾಣಲಿಲ್ಲ. ಕೋಟಿ ಕೋಟಿ ವರ್ಷಗಳ ಹಿಂದೆ ಕಲ್ಲಿನ ಬಿರುಕುಗಳಲ್ಲಿ ಬಿಸಿನೀರು ಹರಿದಾಗ ಅದರೊಡನೆ ಬಂದ ಚಿನ್ನ, ನೀರಿಗೆ ದಾರಿ ಸಿಕ್ಕ ಕಡೆ, ತಡೆ ಬಿದ್ದ ಕಡೆ ಬಿಳಿಕಲ್ಲಿನ ಜೊತೆ ಕೂತುಕೊಂಡಿತು. ಪಕ್ಕದ ಹೊಲದ ಕೆಳಗೆ ಬಿರುಕೇ ಇಲ್ಲದಿದ್ದರೆ? ಬಿರುಕಿದ್ದರೂ ಬರಿಯ ಬಿಳಿಕಲ್ಲೇ ತುಂಬಿಕೊಂಡಿದ್ದರೆ? ಒಂದೇ ಓಣಿಯ ಎರಡು ಬಾವಿಗಳಲ್ಲಿ ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ಸವುಳು ನೀರು ಇರುವುದನ್ನು ಕಂಡ ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು, ಚಿನ್ನ ಇದೆ ಎನ್ನುವ ಮಾತೇ ಬೇರೆ, ತೆಗೆದರೆ ಗಿಟ್ಟುತ್ತದೆ ಎನ್ನುವ ಮಾತೇ ಬೇರೆ. ಮೊದಮೊದಲು ಕೋಲಾರದಲ್ಲಿ ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಮಿಗೂ ಮೇಲೆ ಚಿನ್ನ ಸಿಗುತ್ತಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವ ವೇಳೆಗೆ ಅದು ಮೂರು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಈ ಮೂರು ಗ್ರಾಮನ್ನು ನಾವು ಮನೆಯಲ್ಲಿ ಪವನಿನ ಲೆಕ್ಕಕ್ಕೆ ಇಳಿಸಿ ನೋಡಿದೆವು. ಹತ್ತು ಟನ್ನಿನ ಒಂದು ಲಾರಿ ತುಂಬ ಕಲ್ಲು. ಅದನ್ನು ಒಡೆದು, ಹಿಟ್ಟಿನಂತೆ ಅರೆದು, ಸೈನೈಡಿನ ನೀರಿನಲ್ಲಿ ಕರಗಿಸಿ, ಒಂದು ಕಣವೂ ಪೋಲಾಗದಂತೆ ಸೋಸಿದರೆ ಮೂವತ್ತು ಗ್ರಾಮು, ಅಂದರೆ ನಾಲ್ಕು ಪವನಿಗೂ ಕಡಿಮೆ. ಚಾಲೈನಲ್ಲಿ ಒಬ್ಬ ಮದುವಣಗಿತ್ತಿಯ ಕೊರಳು ತುಂಬಬೇಕಾದರೆ ಲಾರಿಗಳ ಸಾಲು ಪೇಟೆಯ ಈ ತುದಿಯಿಂದ ಆ ತುದಿಗೆ ನಿಲ್ಲಬೇಕಾದೀತು. ನಮ್ಮ ಮಗಳು ಈ ಲೆಕ್ಕ ಕೇಳಿ, “ಹಾಗಾದರೆ ಅಮ್ಮನ ಸರ ಒಂದು ಗುಡ್ಡದಷ್ಟು ಭಾರ” ಎಂದಳು. ಒಂದು ಅರ್ಥದಲ್ಲಿ ನಿಜವೇ.

ಕೇರಳದಲ್ಲಿರುವ ನಾವು ಕೋಲಾರದವರೆಗೆ ಹೋಗದೆಯೂ ಪಾಠ ಕಲಿಯಬಹುದು. ನಿಲಂಬೂರಿನ ಬಳಿ ಚಾಲಿಯಾರ್ ಹೊಳೆಯಲ್ಲಿ ಮರಿಗೆಯಂಥ ಮರದ ತಟ್ಟೆ ಹಿಡಿದು ಮರಳು ತೊಳೆದು ಚಿನ್ನದ ಕಣ ತೆಗೆಯುವ ಕಸುಬು ಬಹಳ ಹಳೆಯದು. ನಮ್ಮ ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲೂ ಜಾಲಗಾರರೆಂಬವರು ಇದೇ ಕೆಲಸ ಮಾಡುತ್ತಿದ್ದರು. ದಿನವೆಲ್ಲ ನೀರಿನಲ್ಲಿ ನಿಂತರೆ ಕೂಲಿಯಷ್ಟು ಸಿಕ್ಕರೆ ಪುಣ್ಯ. ಆ ಕಣಗಳು ಮೇಲಿನ ಘಟ್ಟದಿಂದ ಬಂದಿರಬೇಕೆಂದು ಬಿಳಿಯರು ಘಟ್ಟ ಹತ್ತಿದರು. ಆಗ ವಯನಾಡಿಗೆ ಸೇರಿದ್ದು ಇಂದು ನೀಲಗಿರಿ ಜಿಲ್ಲೆಯಲ್ಲಿರುವ ದೇವಾಲ, ಪಂದಲೂರುಗಳ ಸುತ್ತ ಹಳೆಯ ಕಾಲದ ಗುಂಡಿಗಳೂ ಇದ್ದವು. ಆಸ್ಟ್ರೇಲಿಯದ ವಿಕ್ಟೋರಿಯಾದಲ್ಲಿ ಗಣಿ ಇಲಾಖೆಯ ಅಧಿಕಾರಿಯಾಗಿದ್ದ ಬ್ರೋ ಸ್ಮಿತ್ ಎಂಬಾತ ಪರೀಕ್ಷಿಸಿ 1880ರಲ್ಲಿ ಆಶಾದಾಯಕವಾದ ವರದಿ ಕೊಟ್ಟ. ಅದಕ್ಕೆ ಲಂಡನ್ನಿನಲ್ಲಿ ಹುಚ್ಚು ಹಿಡಿಯಿತು. ಎರಡು ಮೂರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಲಕ್ಷಗಟ್ಟಲೆ ಪೌಂಡುಗಳ ಬಂಡವಾಳ ಎತ್ತಿದವು. ಕಾಫಿಗೆ ರೋಗ ಬಿದ್ದು ಕೈಚೆಲ್ಲಿ ಕುಳಿತಿದ್ದ ತೋಟದವರು ತಮ್ಮ ತೋಟಗಳನ್ನು ಚಿನ್ನದ ಬೆಲೆಗೆ ಮಾರಿದರು. ಬಂಡವಾಳದ ದೊಡ್ಡ ಪಾಲು ಹೀಗೆ ನೆಲ ಕೊಳ್ಳುವುದಕ್ಕೇ ಹೋಯಿತು. ಯಂತ್ರ ಹೊತ್ತು ಘಟ್ಟ ಹತ್ತಿಸಿ ಕಲ್ಲು ಅರೆದು ನೋಡಿದರೆ ಕೂಲಿಗೂ ಸಾಲದಷ್ಟು ಚಿನ್ನ. ಕೆಲವೇ ವರ್ಷಗಳಲ್ಲಿ ಎಲ್ಲ ತಣ್ಣಗಾಯಿತು.

ವಯನಾಡಿನಲ್ಲಿ ಚಿನ್ನವಿರಲಿಲ್ಲವೇ? ಇತ್ತು. ಈಗಲೂ ಇದೆ. ಆದರೆ ಆ ಗದ್ದಲದಲ್ಲಿ ಲಾಭ ಮಾಡಿಕೊಂಡವರು ಚಿನ್ನ ತೆಗೆದವರಲ್ಲ, ನೆಲ ಮಾರಿದವರು. ಇದನ್ನು ಓದಿದ ರಾತ್ರಿ ಮಾವನವರ ಹನ್ನೆರಡೆಕರೆಯ ಮಾತು ನಮ್ಮ ತಲೆಯಲ್ಲಿ ಬಹಳ ಹೊತ್ತು ಓಡಾಡಿತು.

ಹಾಗೆಂದು, ಹುಡುಕುವವರೆಲ್ಲ ಮೋಸಗಾರರೆಂದು ಹೇಳಿದರೆ ಅದು ಅನ್ಯಾಯ. ಹುಡುಕಾಟಕ್ಕೆ ಒಂದು ಕ್ರಮವಿದೆ. ಅದನ್ನು ತಿಳಿದಾಗ ನಮಗೆ ಗೌರವವೇ ಉಂಟಾಯಿತು. ಮೊದಲು ಭೂವಿಜ್ಞಾನಿಗಳು ನಡೆದೂ ನಡೆದೂ ಕಲ್ಲುಗಳ ನಕ್ಷೆ ಬರೆಯುತ್ತಾರೆ. ಹಳ್ಳದ ಮರಳು, ಹೊಲದ ಮಣ್ಣು ಇಂತಿಷ್ಟು ದೂರಕ್ಕೊಂದರಂತೆ ಎತ್ತಿ ಪರೀಕ್ಷೆಗೆ ಕಳಿಸುತ್ತಾರೆ. ಸುಳಿವು ಸಿಕ್ಕ ಕಡೆ ಅಡ್ಡ ಕಾಲುವೆ ತೋಡಿ ಬಂಡೆಯನ್ನು ತೆರೆದು ನೋಡುತ್ತಾರೆ. ಆಮೇಲೆ ವಜ್ರದ ಹರಳು ಕೂರಿಸಿದ ಕೊಳವೆಯಿಂದ ನೆಲ ಕೊರೆದು, ಕಬ್ಬಿನ ಜಲ್ಲೆಯಂತೆ ಉದ್ದುದ್ದ ಕಲ್ಲಿನ ದಿಂಡುಗಳನ್ನು ಮೇಲೆತ್ತುತ್ತಾರೆ. ಆ ದಿಂಡನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಪರೀಕ್ಷೆಗೆ ಕೊಟ್ಟು, ಉಳಿದರ್ಧವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತಾರೆ. ನಾಳೆ ಯಾರಾದರೂ ಸಂಶಯಪಟ್ಟರೆ ತೋರಿಸಬೇಕಲ್ಲ. ನಮ್ಮ ದೇಶದ ನಿಯಮದಲ್ಲಿ ಈ ಶೋಧನೆಗೆ ಒಂದರ ಮೇಲೊಂದು ನಾಲ್ಕು ಹಂತಗಳಿವೆ. ಮೊದಲ ಹಂತದ ಸುಳಿವು ನಾಲ್ಕನೆಯ ಹಂತದವರೆಗೆ ಉಳಿಯುವುದು ಅಪರೂಪ.

ಉಳಿದರ್ಧ ದಿಂಡಿನ ಬೆಲೆ ಏನೆಂಬುದಕ್ಕೆ ಕೆನಡಾದ ಬ್ರಿ-ಎಕ್ಸ್ ಕಂಪನಿಯ ಕಥೆ ಕೇಳಬೇಕು. ಇಂಡೊನೇಷ್ಯದ ಬುಸಾಂಗ್ ಎಂಬ ಕಾಡಿನಲ್ಲಿ ಅಪಾರ ಚಿನ್ನ ಕಂಡೆವೆಂದು ಅವರು ಸಾರಿದರು. ಪಾಲುಗಳ ಬೆಲೆ ಏರಿ ಏರಿ ಕಂಪನಿಯ ಮೌಲ್ಯ ಆರುನೂರು ಕೋಟಿ ಕೆನಡಾ ಡಾಲರಿಗೆ ಮುಟ್ಟಿತು. ಅವರು ದಿಂಡುಗಳನ್ನು ಸೀಳಿ ಅರ್ಧ ಇಟ್ಟುಕೊಳ್ಳುವ ಬದಲು ಪೂರ್ತಿಯಾಗಿ ಪುಡಿಮಾಡಿಬಿಡುತ್ತಿದ್ದರು. 1997ರಲ್ಲಿ ಹೊರಗಿನವರು ಬಂದು ಪಕ್ಕದಲ್ಲೇ ಬೇರೆ ರಂಧ್ರ ಕೊರೆದು ನೋಡಿದಾಗ ಏನೂ ಇರಲಿಲ್ಲ. ಕಲ್ಲಿನ ಪುಡಿಗೆ ಹೊಳೆಯ ಚಿನ್ನದ ಕಣ ಬೆರೆಸಿದ್ದರು! ಸಾವಿರಾರು ಸಂಸಾರಗಳ ಉಳಿತಾಯ ಮಣ್ಣುಪಾಲಾಯಿತು. ಚಾಲೈನ ಅಕ್ಕಸಾಲಿ ನಮ್ಮ ಮುಂದೆಯೇ ಒರೆಗಲ್ಲಿಗೆ ತೀಡಿ ತೋರಿಸದ ಹೊರತು ನಾವು ಒಂದು ಮೂಗುಬೊಟ್ಟನ್ನೂ ಕೊಳ್ಳುವುದಿಲ್ಲ. 2021ರಿಂದ ಮುದ್ರೆಯಿಲ್ಲದ ಒಡವೆ ಮಾರುವುದಕ್ಕೂ ಕಟ್ಟುಪಾಡು ಬಂದಿದೆ. ನೆಲದೊಳಗಿನ ಚಿನ್ನಕ್ಕೆ ಮಾತ್ರ ಒರೆಗಲ್ಲು ಬೇಡವೇ?

ಕ್ರಮ ತಪ್ಪದೆ ಹುಡುಕಿದವರಿಗೆ ಗಣಿಯ ನೆರೆಯಲ್ಲಿ ಫಲ ಸಿಕ್ಕಿದ್ದೂ ಉಂಟು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಎರಡು ಸಾವಿರ ವರ್ಷದಷ್ಟು ಹಿಂದೆಯೇ ನಮ್ಮವರು ಬೆಂಕಿಯಿಂದ ಬಂಡೆ ಕಾಯಿಸಿ ನೀರೆರಚಿ ಒಡೆದು ಆರುನೂರು ಅಡಿಗೂ ಕೆಳಗೆ ಇಳಿದಿದ್ದರೆಂಬುದಕ್ಕೆ ಗುರುತುಗಳಿವೆ. ನಿಜಾಮರ ಕಾಲದಲ್ಲಿ ನಡೆದು ನಿಂತುಹೋಗಿದ್ದ ಆ ಗಣಿ 1947ರಲ್ಲಿ ಹೊಸ ಕಂಪನಿ ಕಟ್ಟಿ ಮತ್ತೆ ಎದ್ದಿತು. ಅದರ ನೆರೆಯ ದೇವದುರ್ಗ ತಾಲ್ಲೂಕಿನಲ್ಲಿ ಊಟಿ ಎಂಬ ಊರಿದೆ; ತಂಪಿನ ಊಟಿಯಲ್ಲ, ಬಿಸಿಲಿನ ಊಟಿ. ಅಲ್ಲಿ ಹುಡುಕಿ, ಕೊರೆದು, ಅಳೆದು, ಒಂದು ಚಿಕ್ಕ ಗಣಿಯನ್ನೇ ತೆರೆದರು. ಅದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ ಬೆಟ್ಟದ ಬಂಡೆಯ ಮೇಲೆ ಅಕ್ಷರಗಳು ಕಂಡವು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಕನ್ನಡನಾಡಿಗೆ ಚಿನ್ನದ ಗಣಿಗಾರನೊಬ್ಬ ಕೊಟ್ಟ ದೊಡ್ಡ ನಿಧಿ ಅದೇ ಎಂದು ನಮ್ಮ ಎಣಿಕೆ.

ಆದರೆ ಫಲ ಸಿಗುವಲ್ಲಿಯೂ ಕಾಲ ಎಷ್ಟು ಹಿಡಿಯುತ್ತದೆ! ಹಾವೇರಿಯ ಬಳಿ ಗಣಜೂರಿನಲ್ಲಿ ಚಿನ್ನವಿರುವುದು ಈ ಶತಮಾನದ ಮೊದಲ ದಶಕದಲ್ಲೇ ಖಚಿತವಾಗಿ ಗೊತ್ತಾಗಿತ್ತು. 2024 ಬಂದರೂ ಅಲ್ಲಿ ಗಣಿ ತೆರೆದಿರಲಿಲ್ಲ. ಅರ್ಜಿ, ಅನುಮತಿ, ಕಾನೂನಿನ ತಿದ್ದುಪಡಿ, ನ್ಯಾಯಾಲಯ ಎಂದು ವರ್ಷಗಳು ಉರುಳಿದವು. ಹತ್ತಾರು ಕೋಟಿ ಹಾಕಿ ಕಾಯಬಲ್ಲ ಕಂಪನಿಗೇ ಈ ಪಾಡಾದರೆ, ಮನೆಯಾಕೆಯ ಸರ ಅಡವಿಟ್ಟು ಬಡ್ಡಿ ಕಟ್ಟುವ ಗುಮಾಸ್ತೆ ಎಷ್ಟು ದಿನ ಕಾದಾನು?

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ನೆಲ ನಮ್ಮದಾದರೆ ಅದರೊಳಗಿನ ಚಿನ್ನವೂ ನಮ್ಮದೇ ತಾನೇ ಎಂದು ಮಾವ ವಾದಿಸಿದರು. 2013ರಲ್ಲಿ ನಮ್ಮ ಕೇರಳದ ಮಲಬಾರಿನ ಜನ್ಮಿ ಭೂಮಿಗಳ ವ್ಯಾಜ್ಯವೊಂದರಲ್ಲಿ, ಕಾನೂನಿನ ಪ್ರಕಾರ ಕೈತಪ್ಪಿಹೋಗದಿದ್ದರೆ ನೆಲದೊಡೆಯನಿಗೇ ಕೆಳಗಿನ ಖನಿಜದ ಹಕ್ಕೂ ಇರುತ್ತದೆಂದು ಸುಪ್ರೀಂ ಕೋರ್ಟು ಹೇಳಿದ್ದು ನಿಜ. ದಲ್ಲಾಳಿಗಳು ಇಷ್ಟನ್ನೇ ಹೇಳಿ ಬಾಯಿ ಮುಚ್ಚುತ್ತಾರೆ. ಹಕ್ಕಿದ್ದರೂ 1957ರ ಗಣಿ ಮತ್ತು ಖನಿಜ ಕಾನೂನಿನಂತೆ ಪರವಾನಗಿಯಿಲ್ಲದೆ ಒಂದು ಬುಟ್ಟಿ ಚಿನ್ನದ ಕಲ್ಲನ್ನೂ ಯಾರೂ ತೆಗೆಯುವಂತಿಲ್ಲ. 2015ರ ತಿದ್ದುಪಡಿಯ ನಂತರ ಚಿನ್ನದಂಥ ಖನಿಜದ ಗುತ್ತಿಗೆ ಸಿಗುವುದು ಬಹುಮಟ್ಟಿಗೆ ಹರಾಜಿನಲ್ಲಿ. ಹರಾಜು ಹಿಡಿದ ಕಂಪನಿ ನೆಲದವನಿಗೆ ನೆಲದ ಪರಿಹಾರ ಕೊಡಬೇಕು. ದಲ್ಲಾಳಿ ಹೇಳಿದ ಹತ್ತರಷ್ಟು ಕೊಡಲೇಬೇಕೆಂದು ಎಲ್ಲಿಯೂ ಬರೆದಿಲ್ಲ.

ಇಷ್ಟನ್ನು ಟಿಪ್ಪಣಿ ಮಾಡಿಕೊಂಡು ವಾಯಿದೆಯ ದಿನ ನಾವು ಮಾವನವರಿಗೆ ಫೋನು ಮಾಡಿದೆವು. ಉಪದೇಶ ಮಾಡಲಿಲ್ಲ. ಹಿರಿಯರಿಗೆ ಉಪದೇಶ ಮಾಡಿದರೆ ಹಟ ಹೆಚ್ಚುವುದೇ ವಿನಾ ಕೆಲಸವಾಗದು. “ಮಾವ, ಆ ಮನುಷ್ಯನನ್ನು ಮೂರು ಮಾತು ಕೇಳಿ, ಉತ್ತರ ಕಾಗದದ ಮೇಲೆ ಬರೆಸಿಕೊಳ್ಳಿ. ಉತ್ತರ ಬಂದರೆ ನಮ್ಮ ಪಾಲಿನ ಹಣ ಕಳಿಸುವ ಯೋಚನೆ ಮಾಡೋಣ” ಎಂದೆವು. ಮೊದಲನೆಯದು, ಆ ನೆಲದಲ್ಲಿ ಚಿನ್ನ ಹುಡುಕಲು ಸರ್ಕಾರ ಯಾರಿಗೆ ಅನುಮತಿ ಕೊಟ್ಟಿದೆ, ಅದರ ಸಂಖ್ಯೆ ಏನು. ಎರಡನೆಯದು, ಎಷ್ಟು ರಂಧ್ರ ಎಷ್ಟು ಆಳಕ್ಕೆ ಕೊರೆದರು, ಯಾವ ಪ್ರಯೋಗಶಾಲೆಯಲ್ಲಿ ಪರೀಕ್ಷೆಯಾಯಿತು, ಉಳಿದರ್ಧ ದಿಂಡು ಎಲ್ಲಿದೆ. ಮೂರನೆಯದು, ಚಿನ್ನದ ಮಾತನ್ನು ಬಿಟ್ಟು ಬರಿಯ ಹೊಲವಾಗಿ ಕೊಂಡರೆ ಆ ನೆಲಕ್ಕೆ ಇಂದು ಎಕರೆಗೆ ಎಷ್ಟು.

ಮಾವನವರಿಗೆ ಕೋಪ ಬಂತು. “ಮಲಯಾಳದ ಕಡೆ ಹೋಗಿ ಲೆಕ್ಕ ಬಹಳ ಕಲಿತುಬಿಟ್ರಿ” ಎಂದು ಫೋನಿಟ್ಟರು. ಒಂದು ತಿಂಗಳು ಮಾತಿಲ್ಲ. ಯುಗಾದಿಗೆ ಬರುತ್ತೇವೆಂದವರು ಬರಲಿಲ್ಲ. ಮನೆಯಾಕೆಗೆ ಸರ ಉಳಿದದ್ದಕ್ಕಿಂತ ಮಾವ ಮುನಿದದ್ದೇ ಹೆಚ್ಚು ಸಂಕಟವಾಯಿತು. ಕೊನೆಗೆ ಅತ್ತೆಯವರಿಂದ ಸುದ್ದಿ ತಿಳಿಯಿತು: ಮಾವ ಮೂರು ಮಾತನ್ನೂ ಕೇಳಿದರಂತೆ, ಮೊದಲ ಎರಡಕ್ಕೆ ಆ ಮನುಷ್ಯ ನಕ್ಕನಂತೆ, ಮೂರನೆಯದಕ್ಕೆ ನಗಲಿಲ್ಲವಂತೆ. ಎರಡೆಕರೆಯ ಪಹಣಿ ಮಾವನವರ ಪೆಟ್ಟಿಗೆಯಲ್ಲೇ ಉಳಿಯಿತು. ನಮ್ಮೊಡನೆ ಅವರು ಈಗ ಮಾತಾಡುತ್ತಾರೆ. ಹನ್ನೆರಡೆಕರೆಯ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಆದರೆ ನಮ್ಮ ಸಂಘದ ಇನ್ನೊಂದು ಕುಟುಂಬಕ್ಕೆ ಇಂಥದೇ ಬೇರೊಂದು ಹೊಲದ ಮಾತು ಬಂದಿತ್ತೆಂದೂ, ಅವರು ಆಗಲೇ ಮುಂಗಡ ಕೊಟ್ಟಾಗಿತ್ತೆಂದೂ ತಿಳಿದು ಬಹಳ ಬೇಸರವಾಯಿತು. ಆ ಹಣ ಇನ್ನೂ ಹಿಂದಿರುಗಿಲ್ಲ. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಊರಿನ ನೆಲವೆಂದರೆ ಒಂದು ದೌರ್ಬಲ್ಯ. ಇಲ್ಲಿ ಬಾಡಿಗೆಯ ಮನೆಯಲ್ಲಿದ್ದರೂ ಅಲ್ಲಿ ಒಂದು ಗೇಣು ನೆಲ ನಮ್ಮದೆನ್ನಬೇಕೆಂಬ ಆಸೆ ಯಾರಿಗಿಲ್ಲ? ಅದರ ಜೊತೆಗೆ ಚಿನ್ನದ ಆಸೆಯನ್ನೂ ಬೆರೆಸಿ ಕೊಟ್ಟರೆ, ಆ ಪಾಕಕ್ಕೆ ಮನಸೋಲದವರು ಕಡಿಮೆ. 2025ರಲ್ಲಿ ಪವನಿನ ಬೆಲೆ 80,000 ರೂಪಾಯಿ ದಾಟಿದ ಮೇಲಂತೂ ಇಂಥ ಮಾತುಗಳಿಗೆ ಕಾಲು ಬಂದಿವೆ.

ಇನ್ನೊಂದು ವಿಷಯವನ್ನೂ ನಾವು ಮರೆಯಬಾರದು. ಗಣಿಯ ಪಕ್ಕದ ಹೊಲದವರ ಆಸೆಯನ್ನೇ ಹೇಳುತ್ತ ಬಂದೆವು, ಗಣಿಯೊಳಗಿನವರ ಪಾಡೇನಾಯಿತು? ನೂರಾರು ಅಡಿ ಕೆಳಗಿನ ಸೆಖೆಯಲ್ಲಿ ಕಲ್ಲಿನ ಧೂಳು ಕುಡಿದು ಎದೆ ಕೆಡಿಸಿಕೊಂಡವರು, ಬಂಡೆ ಸಿಡಿದು ಮಡಿದವರು ಲೆಕ್ಕವಿಲ್ಲದಷ್ಟು. 2001ರಲ್ಲಿ ಗಣಿ ಮುಚ್ಚಿದಾಗ ತಮಿಳು, ತೆಲುಗು, ಕನ್ನಡ ಮಾತಾಡುವ ಸಾವಿರಾರು ಮನೆಗಳ ಒಲೆಯ ಪ್ರಶ್ನೆ ಎದ್ದಿತು. ಅವರ ಮಕ್ಕಳು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆ ಸೇರುತ್ತಾರೆ. 800 ಟನ್ ಚಿನ್ನ ಕೊಟ್ಟ ಊರಿನಲ್ಲಿ ಉಳಿದದ್ದು ಸುಮಾರು ಸಾವಿರ ಎಕರೆಯ ಮೇಲೆ ಹರಡಿದ 13 ಮಣ್ಣಿನ ದಿಬ್ಬಗಳು. ಗಾಳಿ ಬೀಸಿದರೆ ಅದರ ಧೂಳು ಮನೆಮನೆಯ ಅನ್ನದ ಮೇಲೆ. ಆ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವುದಾದರೆ ತೆಗೆಯಲಿ. ಅದರ ಮೊದಲ ಪಾಲು ಆ ಊರಿನವರಿಗೆ ಕೆಲಸವಾಗಿ, ಆಸ್ಪತ್ರೆಯಾಗಿ, ಗಿಡಮರವಾಗಿ ಸಲ್ಲಲಿ ಎಂದು ಹಾರೈಸುತ್ತೇವೆ.

ಓದುಗರಲ್ಲಿ ಯಾರಿಗಾದರೂ ಇಂಥ ಹೊಲದ ಮಾತು ಬಂದಿದ್ದರೆ ಮೇಲಿನ ಮೂರು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಒಬ್ಬರೇ ನಿರ್ಧರಿಸಬೇಡಿ; ಸಂಘದ ತಿಂಗಳ ಸಭೆಯಲ್ಲಿ ಸಂಕೋಚವಿಲ್ಲದೆ ನಾಲ್ವರ ಮುಂದಿಡಿ. ನಮ್ಮಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಕಾಗದ ಓದಬಲ್ಲ ಗುಮಾಸ್ತರಂತೂ ಬೇಕಾದಷ್ಟು ಜನರಿದ್ದೇವೆ. ಮುಂಗಡ ಕೊಟ್ಟ ಆ ಕುಟುಂಬದ ಕಾಗದಗಳನ್ನು ಇದೇ ತಿಂಗಳು ಎಲ್ಲರೂ ಕೂತು ನೋಡುವುದೆಂದು ಗೊತ್ತಾಗಿದೆ. ಬಿಡುವಿದ್ದವರು ದಯಮಾಡಿ ಬರಬೇಕು.